ಮಲಗಿದವರನ್ನು ಮಲಗಿದ ಹಾಗೇ ಆಸ್ಪತ್ರೆಗೆ ಕರೆದೊಯ್ಯುವುದು ಹೇಗೆ

ನಾನು ಬಟ್ಟೆ ಹೊಲಿಯುವವಳು. ಎದ್ದಾಗಿನಿಂದ ಮಲಗುವವರೆಗೆ ಕೊರಳಲ್ಲಿ ಟೇಪು ನೇತಾಡುತ್ತಲೇ ಇರುತ್ತದೆ. ಆದರೂ ನಮ್ಮತ್ತೆಯನ್ನು ಮೊದಲ ಸಲ ಸ್ಟ್ರೆಚರ್ ಮೇಲೆ ಆಸ್ಪತ್ರೆಗೆ ಕರೆದೊಯ್ಯುವ ದಿನ ಬಾಗಿಲಿನ ಅಳತೆ ತೆಗೆಯಬೇಕು ಅಂತ ಹೊಳೆಯಲೇ ಇಲ್ಲ. ಸ್ಟ್ರೆಚರು ಹೊಸ್ತಿಲು ದಾಟಿ ಹಾಲ್‌ವರೆಗೆ ಸಲೀಸಾಗಿ ಬಂತು. ಅಲ್ಲಿಂದ ಅವರ ಕೋಣೆಗೆ ತಿರುಗುವ ಮೂಲೆಯಲ್ಲಿ ಮುಂದಕ್ಕೂ ಹೋಗದೆ ಹಿಂದಕ್ಕೂ ಬಾರದೆ ಕಚ್ಚಿಕೊಂಡಿತು. ಬಂದಿದ್ದವನು ಡ್ರೈವರ್ ಒಬ್ಬನೇ. ಒಳಗಿಂದ ಅತ್ತೆ, "ಇನ್ನೂ ಎಷ್ಟು ಹೊತ್ತು ಕಣೇ?" ಅಂತ ಕೂಗುತ್ತಿದ್ದರು. ಕೊನೆಗೆ ಪಕ್ಕದ ಮನೆಯಿಂದ ಇಬ್ಬರನ್ನು ಕರೆಸಿ, ಬೆಡ್‌ಶೀಟಿನ ನಾಲ್ಕು ಮೂಲೆ ಹಿಡಿದು ಅವರನ್ನು ಎತ್ತಿ ತಂದೆವು. ಬೆಡ್‌ಶೀಟು ನಡುವೆ ಜೋತುಬಿದ್ದು ಅವರ ಬೆನ್ನು ಬಿಲ್ಲಿನ ಹಾಗೆ ಬಾಗಿತು. ಬೆನ್ನುಮೂಳೆ ಕುಸಿದವರಿಗೆ ಮಾಡಲೇಬಾರದ ಕೆಲಸ ಅದು. ಆ ದಿನ ಅವರು ಕಿರುಚಿದ್ದು ಇವತ್ತಿಗೂ ಕಿವಿಯಲ್ಲಿದೆ.

ಅದಾದ ಮೇಲೆ 11 ತಿಂಗಳಲ್ಲಿ ಇನ್ನೂ 8 ಸಲ ಅವರನ್ನು ಮಲಗಿಸಿಕೊಂಡೇ ಕರೆದೊಯ್ದಿದ್ದೇನೆ. ನನ್ನ ಅನುಭವದಲ್ಲಿ ಗಾಡಿ ರಸ್ತೆಯಲ್ಲಿ ಓಡುವುದು ಸುಲಭದ ಭಾಗ. ಎಡವಟ್ಟಾಗುವುದೆಲ್ಲ ಮಂಚದಿಂದ ಬೀದಿಬಾಗಿಲಿನವರೆಗೆ, ಆಮೇಲೆ ಅಲ್ಲಿನ ಬಾಗಿಲಿನಿಂದ ಪರೀಕ್ಷೆಯ ಟೇಬಲಿನವರೆಗೆ. ಆದ್ದರಿಂದ ಆ ಎರಡು ತುದಿಯ ಬಗ್ಗೆಯೇ ಇಲ್ಲಿ ಹೆಚ್ಚು ಬರೆದಿದ್ದೇನೆ.

ಮೊದಲೇ ಒಂದು ಮಾತು. ಇದು ತುರ್ತು ಇಲ್ಲದ ಪ್ರಯಾಣಕ್ಕೆ ಮಾತ್ರ: ಗಾಯದ ಡ್ರೆಸಿಂಗ್, ಸ್ಕ್ಯಾನ್, ಡಯಾಲಿಸಿಸ್, ಡಿಸ್ಚಾರ್ಜ್ ಆಗಿ ಮನೆಗೆ ಬರುವುದು, ಇಂಥವು. ಎದೆನೋವು, ಏದುಸಿರು, ಮಾತು ತೊದಲುವುದು, ಒಂದು ಕಡೆಯ ಕೈಕಾಲು ಬಿದ್ದುಹೋಗುವುದು, ಎಚ್ಚರ ತಪ್ಪುವುದು ಕಂಡರೆ ಈ ಗಾಡಿಗೆ ಕಾಯುತ್ತ ಕೂರಬೇಡಿ. ತುರ್ತು ಸಂಖ್ಯೆಗೆ ಫೋನ್ ಮಾಡಿ. ಬುಕ್ ಮಾಡಿದ ಗಾಡಿ ಬಾಗಿಲಲ್ಲೇ ನಿಂತಿದ್ದರೂ ಸರಿ.

ಹೋಗಲೇಬೇಕಾ?

ಗಾಡಿ ಹುಡುಕುವ ಮುಂಚೆ ಡಾಕ್ಟರನ್ನು ಈ ಪ್ರಶ್ನೆ ಕೇಳಿ. ನಾನು ಕೇಳಿದ್ದು ನಾಲ್ಕನೇ ಸಲ. ರಿಪೋರ್ಟ್ ತೋರಿಸಲು ಮಾತ್ರ ಆದರೆ ವಿಡಿಯೋ ಕಾಲ್ ಸಾಕು ಅಂದುಬಿಟ್ಟರು! ಅಲ್ಲಿಯವರೆಗೆ ಅವರಿಗೆ ಗೊತ್ತಿರಲಿಲ್ಲ, ಅತ್ತೆಯನ್ನು ಹೊರಡಿಸುವುದಕ್ಕೆ ನಮಗೆ ಅರ್ಧ ದಿನ ಬೇಕು ಅಂತ. ರಕ್ತ ತೆಗೆಯುವುದು, ಡ್ರೆಸಿಂಗ್, ಕ್ಯಾಥೆಟರ್ (ಮೂತ್ರದ ಕೊಳವೆ) ಬದಲಿಸುವುದು ಇವಕ್ಕೆಲ್ಲ ಮನೆಗೇ ನರ್ಸ್ ಬರುವ ವ್ಯವಸ್ಥೆ ಎಷ್ಟೋ ಕಡೆ ಇರುತ್ತದೆ. ಹೋಗಲೇಬೇಕು ಅಂದರೆ ಎರಡು ಅಪಾಯಿಂಟ್‌ಮೆಂಟನ್ನು ಒಂದೇ ದಿನಕ್ಕೆ ಹೊಂದಿಸಿಕೊಡಿ ಅಂತ ಕೇಳಿಕೊಳ್ಳಿ. ಬೆಳಗಿನ ಮೊದಲ ಸರದಿ ಸಿಕ್ಕರೆ ಇನ್ನೂ ವಾಸಿ, ಕಾಯುವುದು ಕಡಿಮೆಯಾಗುತ್ತದೆ.

ಅದೇ ಹೊತ್ತಿಗೆ ಇನ್ನೊಂದು ಕೇಳಿ: ಬೆನ್ನನ್ನು ಎಷ್ಟರವರೆಗೆ ಎತ್ತಬಹುದು? ನೇರ ಕೂರಲಾಗದವರೆಲ್ಲ ಪೂರ್ತಿ ಚಪ್ಪಟೆಯಾಗಿಯೇ ಮಲಗಬೇಕು ಅಂತಿಲ್ಲ. ಕೆಲವರಿಗೆ 30 ಡಿಗ್ರಿ ಎತ್ತಿದರೆ ಉಸಿರಾಟಕ್ಕೆ ಒಳ್ಳೆಯದು. ಕೆಲವರಿಗೆ ಹಿಂದಕ್ಕೆ ವಾಲುವ ವೀಲ್‌ಚೇರೇ ಸಾಕಾಗಿ, ಸ್ಟ್ರೆಚರಿನ ಗೋಜೇ ಬೇಕಾಗುವುದಿಲ್ಲ. ಅತ್ತೆಗೆ 20 ಡಿಗ್ರಿ ದಾಟಬಾರದು ಅಂದಿದ್ದರು. ಇದನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ಗಾಡಿಯವರು ನಮ್ಮ ಮಾತು ಕೇಳುವುದಿಲ್ಲ, ಡಾಕ್ಟರ ಕೈಬರಹಕ್ಕೆ ಬೆಲೆ ಕೊಡುತ್ತಾರೆ. ವಿಮೆಯಿಂದ ಖರ್ಚು ಸಿಗುವ ಸಾಧ್ಯತೆ ಇದ್ದರೆ, 'ಈ ರೋಗಿ ಸಹಾಯವಿಲ್ಲದೆ ಹಾಸಿಗೆಯಿಂದ ಏಳಲಾರರು, ನಡೆಯಲಾರರು, ಕುರ್ಚಿಯಲ್ಲಾಗಲಿ ವೀಲ್‌ಚೇರಿನಲ್ಲಾಗಲಿ ಕೂರಲಾರರು' ಅಂತ ಮೂರೂ ವಿಷಯ ಬಿಡಿಸಿ ಬರೆದ ಪತ್ರ ತೆಗೆದುಕೊಳ್ಳಿ. 'ರೋಗಿ ಅಶಕ್ತರು' ಅಂತ ಒಂದೇ ಸಾಲು ಬರೆದ ಪತ್ರ ನಮಗೆ ವಾಪಸ್ ಬಂತು. ಒಪ್ಪಿಗೆ ಪ್ರಯಾಣದ ಮೊದಲೇ ಬೇಕಾ, ಆಮೇಲೆ ಬಿಲ್ ಕೊಟ್ಟರೆ ಸಾಕಾ ಅನ್ನುವುದನ್ನೂ ವಿಮೆಯವರ ಹತ್ತಿರ ಮುಂಚೆಯೇ ಕೇಳಿಕೊಳ್ಳಿ.

ಯಾವ ಗಾಡಿ?

ಇಲ್ಲಿ ಬಹಳ ಜನ ತಪ್ಪು ತಿಳಿದಿರುತ್ತಾರೆ. ಸ್ಟ್ರೆಚರ್ ಇರುವ ಗಾಡಿಯೆಲ್ಲ ಆಂಬುಲೆನ್ಸ್ ಅಲ್ಲ. ಸಾದಾ ಸ್ಟ್ರೆಚರ್ ವ್ಯಾನಿನಲ್ಲಿ ಇರುವುದು ಡ್ರೈವರ್, ಒಬ್ಬ ಸಹಾಯಕ, ಒಂದು ಸ್ಟ್ರೆಚರ್, ಬೆಲ್ಟು. ಅಷ್ಟೇ. ದಾರಿಯಲ್ಲಿ ಬಿಪಿ ನೋಡುವವರು, ಔಷಧ ಕೊಡುವವರು ಯಾರೂ ಇರುವುದಿಲ್ಲ. ರೋಗಿ ಮಲಗಿದ್ದಾರೆ, ಆರಾಮಾಗಿದ್ದಾರೆ, ಮನೆಯಲ್ಲಿ ನಾವು ನೋಡಿಕೊಳ್ಳುವುದಕ್ಕಿಂತ ಹೆಚ್ಚೇನೂ ದಾರಿಯಲ್ಲಿ ಬೇಡ ಅಂದರೆ ಇದು ಧಾರಾಳವಾಗಿ ಸಾಕು. ಆಕ್ಸಿಜನ್ ಮೇಲೆ ನಿಗಾ ಇಡಬೇಕು, ಕಫ ಎಳೆಯಬೇಕು ಅಂದರೆ ತರಬೇತಿ ಪಡೆದ ಸಿಬ್ಬಂದಿ ಇರುವ ಆಂಬುಲೆನ್ಸೇ ಬೇಕು. ವೆಂಟಿಲೇಟರ್, ಹೃದಯದ ಮಾನಿಟರ್, ದಾರಿಯಲ್ಲೂ ಓಡುತ್ತಿರಬೇಕಾದ ಡ್ರಿಪ್ ಇದ್ದರೆ ಅದಕ್ಕಿಂತ ಮೇಲಿನ ದರ್ಜೆಯದು. ಯಾವುದು ಅನ್ನುವುದನ್ನು ಡಾಕ್ಟರು ಹೇಳಲಿ. ನೀವೇ ಊಹಿಸಬೇಡಿ, ಫೋನಿನಲ್ಲಿ ಬುಕಿಂಗ್ ತೆಗೆದುಕೊಳ್ಳುವ ಹುಡುಗನಿಗೂ ಬಿಡಬೇಡಿ.

ಅಳತೆ

ಈಗ ನನ್ನ ಕಸುಬಿಗೆ ಬಂದೆ. ಚಕ್ರದ ಸ್ಟ್ರೆಚರು ಸಾಮಾನ್ಯವಾಗಿ 55ರಿಂದ 60 ಸೆಂ.ಮೀ. ಅಗಲ, 190ರಿಂದ 200 ಸೆಂ.ಮೀ. ಉದ್ದ ಇರುತ್ತದೆ. ಬಾಗಿಲು 75 ಸೆಂ.ಮೀ. ಇದ್ದರೆ ನೇರವಾಗಿ ಹೋದಾಗ ತೂರುತ್ತದೆ. ಸಮಸ್ಯೆ ಇರುವುದು ತಿರುವಿನಲ್ಲಿ. ನಮ್ಮ ಮನೆಯೊಳಗಿನ ಓಣಿ (ಕಾರಿಡಾರ್) 90 ಸೆಂ.ಮೀ., ಅದರ ಪಕ್ಕಕ್ಕೆ ಅತ್ತೆಯ ಕೋಣೆಯ ಬಾಗಿಲು 75. ಎರಡರ ಅಗಲವೂ ಸ್ಟ್ರೆಚರಿಗಿಂತ ಜಾಸ್ತಿಯೇ. ಆದರೂ ತಿರುಗುವುದಿಲ್ಲ, ಯಾಕೆಂದರೆ ತಿರುಗುವಾಗ ಅದರ ಉದ್ದವೇ ಅಡ್ಡ ಬರುತ್ತದೆ.

ಟೇಪಿನಲ್ಲಿ ಇದು ಗೊತ್ತಾಗುವುದಿಲ್ಲ. ನಾನು ಮಾಡಿದ್ದು ಹೀಗೆ: ಹಳೆಯ ನ್ಯೂಸ್‌ಪೇಪರುಗಳನ್ನು ಅಂಟಿಸಿ, 60 ಅಗಲ 200 ಉದ್ದದ ಒಂದು ಪ್ಯಾಟರ್ನ್ ಕತ್ತರಿಸಿದೆ, ತೋಳಿಗೋ ಕಾಲರಿಗೋ ಕತ್ತರಿಸುವ ಹಾಗೆ. ಬಾಗದಿರಲಿ ಅಂತ ಅಂಚಿಗೆ ರಟ್ಟು ಅಂಟಿಸಿದೆ. ಅದನ್ನು ನೆಲದ ಮೇಲೆ ಎಳೆಯುತ್ತಾ ಮಂಚದ ಪಕ್ಕದಿಂದ ಬೀದಿಬಾಗಿಲಿನವರೆಗೆ ಹೋದೆ. ಮೂಲೆಗೆ ಬಂದಾಗ ಕಾಗದ ಗೋಡೆಗೆ ತಾಗಿ ಮಡಚಿಕೊಂಡಿತು. ಮಂಚದ ಮೇಲಿಂದಲೇ ನೋಡುತ್ತಿದ್ದ ಅತ್ತೆ, "ಇಷ್ಟು ವರ್ಷದಲ್ಲಿ ನನ್ನ ಬಟ್ಟೆಗೆ ಒಂದು ದಿನವಾದರೂ ಇಷ್ಟು ಕಾಳಜಿಯಿಂದ ಅಳತೆ ತೆಗೆದಿದ್ದೀಯೇನೇ?" ಅಂದರು.

ಮೂಲೆಯಲ್ಲಿ ತಿರುಗದಿದ್ದರೆ ಗೋಡೆ ಒಡೆಯಬೇಕಿಲ್ಲ. ಚಕ್ರದ ಸ್ಟ್ರೆಚರು ಹಾಲ್‌ನಲ್ಲೇ ನಿಲ್ಲಲಿ, ರೋಗಿಯನ್ನು ಅಲ್ಲಿಯವರೆಗೆ ಬೇರೆಯದರಲ್ಲಿ ತರಬೇಕು. ಇದಕ್ಕೆ ಸ್ಕೂಪ್ ಸ್ಟ್ರೆಚರ್ ಅಂತ ಒಂದಿದೆ. ಉದ್ದಕ್ಕೆ ಎರಡು ಹೋಳಾಗುತ್ತದೆ. ಆ ಪಕ್ಕದಿಂದ ಒಂದು, ಈ ಪಕ್ಕದಿಂದ ಒಂದು ಮೈಯ ಕೆಳಗೆ ಸರಿಸಿ ತಲೆ ಮತ್ತು ಕಾಲಿನ ಕಡೆ ಕೂಡಿಸಿದರೆ ಕಟಕ್ ಅಂತ ಬೀಗ ಬೀಳುತ್ತದೆ. ಅಗಲ 40ರಿಂದ 45 ಸೆಂ.ಮೀ. ಮಾತ್ರ. ಬೆಲ್ಟು ಬಿಗಿದು, ಮೂಲೆಯಲ್ಲಿ ತಲೆಯ ಕಡೆ ತುಸು ಎತ್ತಿಕೊಂಡರೆ ಮೈ ನೇರವಾಗಿಯೇ ಇರುತ್ತದೆ, ತಿರುವೂ ದಾಟುತ್ತದೆ. ಬೆನ್ನಿಗೆ ತೊಂದರೆ ಇಲ್ಲದವರಿಗಾದರೆ ಸುತ್ತ ಹಿಡಿಕೆಗಳಿರುವ ಗಟ್ಟಿ ಕ್ಯಾರಿ ಶೀಟ್ ಸಾಕು. ಮನೆಯ ಬೆಡ್‌ಶೀಟ್ ಮಾತ್ರ ಬೇಡ. ಅದರ ಕಥೆ ಆಗಲೇ ಹೇಳಿದೆ.

ಮೆಟ್ಟಿಲಿದ್ದರೆ ಎಣಿಸಿ. ಮೆಟ್ಟಿಲು ತಿರುಗುವಲ್ಲಿನ ಚೌಕದ ಅಗಲ ಅಳೆಯಿರಿ. ಲಿಫ್ಟ್ ಇದ್ದರೆ ಒಳಗಿನ ಆಳ ನೋಡಿ, 200 ಸೆಂ.ಮೀ. ಇಲ್ಲದಿದ್ದರೆ ಚಪ್ಪಟೆ ಸ್ಟ್ರೆಚರ್ ಒಳಗೆ ಹೋಗುವುದಿಲ್ಲ. ಬೆನ್ನಿನ ಭಾಗ ಎತ್ತಿದರೆ ಸ್ಟ್ರೆಚರಿನ ಉದ್ದ ಕಡಿಮೆಯಾಗುತ್ತದೆ, ಆದ್ದರಿಂದ ಲಿಫ್ಟ್ ಚಿಕ್ಕದಾದರೆ ಗಾಡಿಯವರು ರೋಗಿಯನ್ನು ಅರ್ಧ ಕೂರಿಸಿಬಿಡುತ್ತಾರೆ. ಡಾಕ್ಟರು ಬರೆದುಕೊಟ್ಟ ಡಿಗ್ರಿ ಚೀಟಿ ಕೆಲಸಕ್ಕೆ ಬರುವುದು ಇಲ್ಲೇ. ಹೋಗುವ ಕಡೆಯ ಲಿಫ್ಟನ್ನೂ ಫೋನ್ ಮಾಡಿ ಕೇಳಿ. ದೊಡ್ಡ ಆಸ್ಪತ್ರೆಗಳಲ್ಲಿ ಚಿಂತೆಯಿಲ್ಲ, ಮಹಡಿಯ ಮೇಲಿರುವ ಸಣ್ಣ ಸ್ಕ್ಯಾನ್ ಸೆಂಟರುಗಳಲ್ಲೇ ತೊಂದರೆ.

ಫೋನಿನಲ್ಲಿ ಏನು ಹೇಳಬೇಕು

ಎರಡನೇ ಸಲ ನಾನು ಫೋನ್ ಮಾಡಿ, "ನಮ್ಮತ್ತೆಗೆ ನಡೆಯೋಕಾಗಲ್ಲ, ಗಾಡಿ ಬೇಕು" ಅಂದೆ. ವೀಲ್‌ಚೇರ್ ಗಾಡಿ ಬಂತು. ತಪ್ಪು ಅವರದಲ್ಲ. ನಡೆಯೋಕಾಗಲ್ಲ ಅಂದರೆ ಅವರ ಲೆಕ್ಕದಲ್ಲಿ ವೀಲ್‌ಚೇರ್. ಅಪಾಯಿಂಟ್‌ಮೆಂಟ್ ಹೋಯಿತು, ಮತ್ತೆ ಮೂರು ವಾರ ಕಾದೆವು. ಈಗ ನನ್ನ ಮೊದಲ ವಾಕ್ಯವೇ ಹೀಗೆ: "ರೋಗಿಗೆ ಕೂರೋಕೆ ಆಗಲ್ಲ, ಮಲಗಿಕೊಂಡೇ ಬರಬೇಕು, ಮನೆಯ ಮಂಚದಿಂದ ಅಲ್ಲಿನ ಮಂಚದವರೆಗೆ ನೀವೇ ಸಾಗಿಸಬೇಕು." ಕೊನೆಯ ಭಾಗ ಬಹಳ ಮುಖ್ಯ. ಕೆಲವರು ಬಾಗಿಲವರೆಗೆ ಮಾತ್ರ ಬರುತ್ತಾರೆ, ಒಳಗೆ ಕಾಲಿಡುವುದಿಲ್ಲ.

ಆಮೇಲೆ ತೂಕ. ಸಂಕೋಚ ಪಡದೆ ಸರಿಯಾದ್ದನ್ನೇ ಹೇಳಿ. ಪ್ರತಿ ಸ್ಟ್ರೆಚರಿಗೂ ಇಷ್ಟೇ ಕೆ.ಜಿ. ಅಂತ ಮಿತಿ ಇರುತ್ತದೆ, ಎತ್ತಲು ಎಷ್ಟು ಜನ ಬೇಕು ಅನ್ನುವುದೂ ತೂಕದ ಮೇಲೆಯೇ ನಿಲ್ಲುತ್ತದೆ. ಎತ್ತರವನ್ನೂ ಹೇಳಿ, ಉದ್ದದವರ ಪಾದ ಆಚೆಗೆ ಚಾಚಿಕೊಳ್ಳುತ್ತದೆ. ಮೆಟ್ಟಿಲ ಸಂಖ್ಯೆ, ತಿರುವು, ಲಿಫ್ಟಿನ ಆಳ ಹೇಳಿ. ಆಕ್ಸಿಜನ್, ಕ್ಯಾಥೆಟರ್, ಕೊಳವೆಯ ಊಟ, ಬೆನ್ನುಹುಣ್ಣು ಇದ್ದರೆ ಹೇಳಿ. ಟಿಬಿಯಂಥ ಅಂಟುರೋಗ ಇದ್ದರೆ ಮುಚ್ಚಿಡಬೇಡಿ, ಅವರೂ ಮಾಸ್ಕ್ ಗ್ಲೌಸ್ ತಯಾರಿ ಮಾಡಿಕೊಳ್ಳಬೇಕು. ನೆನಪು ಸರಿ ಇಲ್ಲದೆ ಗಾಬರಿಯಾಗುವವರು, ಕೈ ಬೀಸುವವರು ಆದರೆ ಅದನ್ನೂ.

ಇನ್ನು ನೀವು ಕೇಳಬೇಕಾದ್ದು. ಎಷ್ಟು ಜನ ಬರುತ್ತಾರೆ, ಅವರಲ್ಲಿ ಎತ್ತುವವರು ಎಷ್ಟು? ಸ್ಕೂಪ್ ಇದೆಯಾ? ಮನೆಯವರು ಒಬ್ಬರು ಜೊತೆಯಲ್ಲಿ ಬರಬಹುದಾ? ಕಾಯುವುದಕ್ಕೆ, ಮೆಟ್ಟಿಲಿಗೆ, ಆಕ್ಸಿಜನ್‌ಗೆ ಬೇರೆ ದುಡ್ಡಾ? ವಾಪಸ್ ಬರುವಾಗ ಇದೇ ಗಾಡಿನಾ, ಬೇರೆಯದಾ? ಉತ್ತರಗಳನ್ನೆಲ್ಲ ಮೆಸೇಜಿನಲ್ಲಿ ಬರೆದು ಕಳಿಸಿ ಅಂತ ಹೇಳಿ, ಹಿಂದಿನ ಸಂಜೆ ಮತ್ತೊಮ್ಮೆ ಫೋನ್ ಮಾಡಿ. ಬುಕ್ ಮಾಡಿದವರೊಬ್ಬರು, ಬರುವವರೊಬ್ಬರು. ನಡುವೆ ಮಾತು ಸೋರಿಹೋಗುತ್ತದೆ.

ಆಕ್ಸಿಜನ್ ಲೆಕ್ಕ

ಅತ್ತೆಗೆ ನ್ಯುಮೋನಿಯಾ ಆಗಿ ವಾಸಿಯಾದ ಮೇಲೂ ಕೆಲವು ದಿನ ನಿಮಿಷಕ್ಕೆ 2 ಲೀಟರ್ ಆಕ್ಸಿಜನ್ ಬೇಕಿತ್ತು. "ಸಿಲಿಂಡರ್ ತುಂಬಿದೆ ಮೇಡಂ" ಅನ್ನುವುದು ಉತ್ತರವಲ್ಲ. ಸಿಲಿಂಡರಿನ ಒಳಗಿನ ಗಾತ್ರ ಎಷ್ಟು ಲೀಟರೋ ಅದನ್ನು ಮೀಟರು ತೋರಿಸುವ ಬಾರ್ ಒತ್ತಡದಿಂದ ಗುಣಿಸಿದರೆ ಒಳಗಿರುವ ಆಕ್ಸಿಜನ್ ಸುಮಾರಾಗಿ ಸಿಗುತ್ತದೆ. 3 ಲೀಟರಿನ ಸಣ್ಣ ಸಿಲಿಂಡರಿನಲ್ಲಿ 140 ಬಾರ್ ಇದ್ದರೆ 420 ಲೀಟರ್. ನಿಮಿಷಕ್ಕೆ 2 ಲೀಟರ್ ಅಂದರೆ 210 ನಿಮಿಷ, ನಿಮಿಷಕ್ಕೆ 4 ಅಂದರೆ 105. ಕೊನೆಯ ಹನಿಯವರೆಗೆ ಲೆಕ್ಕ ಹಿಡಿಯಬೇಡಿ. ಹೋಗಿಬರುವ ಹೊತ್ತು, ಅಲ್ಲಿ ಕಾಯುವ ಹೊತ್ತು, ಟ್ರಾಫಿಕ್ ಎಲ್ಲ ಕೂಡಿಸಿ, ಅದರ ಎರಡರಷ್ಟು ಇರಲಿ. ಮನೆಯ ಕಾನ್ಸಂಟ್ರೇಟರ್ (ಗಾಳಿಯಿಂದ ಆಕ್ಸಿಜನ್ ತೆಗೆದುಕೊಡುವ ಯಂತ್ರ) ಕರೆಂಟಿಲ್ಲದೆ ನಡೆಯುವುದಿಲ್ಲ ಅನ್ನುವುದೂ ನೆನಪಿರಲಿ. ಸಿಲಿಂಡರನ್ನು ಗಾಡಿಯಲ್ಲಿ ಬಿಗಿದು ಕಟ್ಟಿರಬೇಕು, ರೋಗಿಯ ಕಾಲ ನಡುವೆ ಉರುಳಾಡಬಾರದು.

ಹೊರಡುವ ಬೆಳಗ್ಗೆ

ನೋವಿನ ಮಾತ್ರೆಯನ್ನು ಎತ್ತುವುದಕ್ಕಿಂತ ಎಷ್ಟು ಮುಂಚೆ ಕೊಡಬೇಕು ಅಂತ ಡಾಕ್ಟರನ್ನು ಕೇಳಿಟ್ಟುಕೊಳ್ಳಿ. ನಮಗೆ ಮುಕ್ಕಾಲು ಗಂಟೆ ಅಂದಿದ್ದರು. ಮೊದಲೆಲ್ಲ ಗಾಡಿ ಬಾಗಿಲಿಗೆ ಬಂದ ಮೇಲೆ ಕೊಡುತ್ತಿದ್ದೆ. ಮಾತ್ರೆ ಕೆಲಸ ಶುರು ಮಾಡುವಷ್ಟರಲ್ಲಿ ಎತ್ತಿ ಇಳಿಸಿದ್ದೆಲ್ಲ ಮುಗಿದಿರುತ್ತಿತ್ತು. ಕೊಳವೆಯಲ್ಲಿ ಊಟ ಹಾಕುವವರಿಗೆ ಎಷ್ಟು ಹೊತ್ತು ಮುಂಚೆ ನಿಲ್ಲಿಸಬೇಕು ಅಂತ ನರ್ಸ್ ಹತ್ತಿರ ತಿಳಿದುಕೊಳ್ಳಿ. ತುಂಬಿದ ಹೊಟ್ಟೆಯಲ್ಲಿ ಚಪ್ಪಟೆ ಮಲಗಿಸಿ ಕುಲುಕಿದರೆ ಊಟ ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯುವ ಅಪಾಯವಿದೆ.

ಡಯಾಪರನ್ನು ಕೊನೆಗೆ ಬದಲಿಸಿ. ಯೂರಿನ್ ಬ್ಯಾಗ್ ಖಾಲಿ ಮಾಡಿ. ಸಾಗಿಸುವಾಗ ಆ ಬ್ಯಾಗನ್ನು ರೋಗಿಯ ಹೊಟ್ಟೆಯ ಮೇಲೆ ಇಟ್ಟುಬಿಡುತ್ತಾರೆ, ಕೈಗೆ ಸಿಗಲಿ ಅಂತ. ಬಿಡಬೇಡಿ. ಬ್ಯಾಗು ಮೂತ್ರಕೋಶಕ್ಕಿಂತ ಕೆಳಗಿರಬೇಕು, ಇಲ್ಲವಾದರೆ ಹೋದ ಮೂತ್ರ ವಾಪಸ್ ಹರಿದು ಸೋಂಕಾಗಬಹುದು. ಸ್ಟ್ರೆಚರಿನ ಪಕ್ಕದ ಕಂಬಿಗೆ ನೇತುಹಾಕಿಸಿ, ನೆಲಕ್ಕೆ ತಾಗದ ಹಾಗೆ, ಕೊಳವೆ ಮಡಚದ ಹಾಗೆ.

ಬಟ್ಟೆಯ ಬಗ್ಗೆ ನಾನು ಹೇಳದೆ ಇರಲಾರೆ. ಬೆನ್ನಿನ ಕಡೆ ಗುಂಡಿ, ದಪ್ಪ ಹೊಲಿಗೆ, ಸೊಂಟದಲ್ಲಿ ಗಂಟು ಯಾವುದೂ ಬೇಡ. ಎರಡು ಗಂಟೆ ಅದರ ಮೇಲೆ ಮಲಗಿದರೆ ಚರ್ಮದಲ್ಲಿ ಅಚ್ಚು ಮೂಡುತ್ತದೆ, ತೆಳು ಚರ್ಮದವರಿಗೆ ಅದೇ ಹುಣ್ಣು. ಅತ್ತೆಗೆ ಮುಂದೆ ಪೂರ್ತಿ ತೆರೆಯುವ, ತೋಳಿನ ಬದಿಯಲ್ಲಿ ವೆಲ್ಕ್ರೋ ಇರುವ ಸಡಿಲ ಅಂಗಿ ಹೊಲಿದುಕೊಟ್ಟೆ. ಎಕ್ಸ್‌ರೇಗೂ ಡ್ರಿಪ್‌ಗೂ ಮೈ ಎತ್ತದೆ ಬಿಚ್ಚಬಹುದು.

ಎತ್ತುವುದು

ಒಂದು ಸಲ ಬಂದ ಸಹಾಯಕರೊಬ್ಬರು, ವಯಸ್ಸಾದವರು, ಮಾಡಿದ ಕೆಲಸ ನೋಡಿ ನಾನು ಕಲಿತೆ. ಬಂದವರೇ ಅತ್ತೆಯನ್ನು ಮುಟ್ಟಲಿಲ್ಲ. ಮಂಚದ ಪಕ್ಕ ಬಗ್ಗಿ, "ಅಮ್ಮಾ, ಈಗ ನಿಮ್ಮನ್ನ ನನ್ನ ಕಡೆ ಹೊರಳಿಸ್ತೀವಿ. ನೀವು ಏನೂ ಮಾಡಬೇಡಿ, ಕೈ ಎದೆ ಮೇಲೆ ಇಟ್ಕೊಳ್ಳಿ. ಮೂರು ಅಂದಾಗ" ಅಂದರು. ಒಬ್ಬರ ಕೈ ಭುಜ ಮತ್ತು ಸೊಂಟದಲ್ಲಿ, ಇನ್ನೊಬ್ಬರದು ತೊಡೆ ಮತ್ತು ಕಾಲಿನಲ್ಲಿ, ತಲೆ ನನ್ನ ಕೈಯಲ್ಲಿ. ಮರದ ದಿಮ್ಮಿ ಉರುಳಿದ ಹಾಗೆ ಇಡೀ ಮೈ ಒಟ್ಟಿಗೆ ಹೊರಳಿತು, ಭುಜ ಮೊದಲು ಸೊಂಟ ಆಮೇಲೆ ಅಂತಲ್ಲ. ಎಣಿಸಿದ್ದು ಒಬ್ಬರೇ. ಅತ್ತೆ ಹಲ್ಲು ಕಚ್ಚಿದರು, ಆದರೆ ಕಿರುಚಲಿಲ್ಲ.

ಮಂಚದಿಂದ ನೇರ ಸ್ಟ್ರೆಚರಿಗೆ ಸರಿಸುವುದಾದರೆ ಎರಡನ್ನೂ ಒತ್ತಿ ನಿಲ್ಲಿಸಿ, ಎರಡರ ಬ್ರೇಕನ್ನೂ ಹಾಕಿ, ಸ್ಟ್ರೆಚರು ಒಂದು ಬೆರಳಷ್ಟು ತಗ್ಗಿರಲಿ. ಬ್ರೇಕನ್ನು ನೀವೇ ಕಾಲಿನಿಂದ ಒತ್ತಿ ನೋಡಿ. ಮೆಟ್ಟಿಲಿನಲ್ಲಿ ತಲೆ ಯಾವಾಗಲೂ ಮೇಲಿನ ಕಡೆ: ಹತ್ತುವಾಗ ತಲೆ ಮುಂದೆ, ಇಳಿಯುವಾಗ ಕಾಲು ಮುಂದೆ.

ಗಾಡಿಯ ಒಳಗೆ

ತಲೆ ಡ್ರೈವರ್ ಕಡೆ, ಕಾಲು ಹಿಂಬಾಗಿಲಿನ ಕಡೆ ಬರುತ್ತದೆ. ಹಾಗಾಗಿ ಬ್ರೇಕ್ ಹಾಕಿದಾಗ ಮೈ ತಲೆಯ ದಿಕ್ಕಿಗೆ ಜಾರುತ್ತದೆ. ಎದೆ, ಸೊಂಟ, ತೊಡೆಯ ಬೆಲ್ಟು ಇದನ್ನು ತಡೆಯುವುದು ಕಷ್ಟ, ಭುಜದ ಬೆಲ್ಟು ಬೇಕು. ಅದು ಸ್ಟ್ರೆಚರಿನಲ್ಲಿ ಇರುತ್ತದೆ, ಹಾಕುವುದಿಲ್ಲ. ಕೇಳಿ ಹಾಕಿಸಿ. ಸ್ಟ್ರೆಚರು ನೆಲದ ಕೊಂಡಿಗೆ ಬಿದ್ದಿದೆಯಾ ಅಂತ ಒಮ್ಮೆ ಅಲುಗಿಸಿ ನೋಡಿ.

ಹಿಮ್ಮುಖವಾಗಿ ಸಾಗುತ್ತಾ ಚಾವಣಿ ಬಿಟ್ಟು ಬೇರೇನೂ ಕಾಣದೆ ಅತ್ತೆಗೆ ಹೊಟ್ಟೆ ತೊಳಸುತ್ತಿತ್ತು. ಒಂದು ಕವರ್ ಕೈಯಲ್ಲಿರಲಿ. ವಾಂತಿ ಬಂದರೆ ತಕ್ಷಣ ಗಾಡಿ ನಿಲ್ಲಿಸಿಸಿ, ರೋಗಿಯನ್ನು ಪಕ್ಕಕ್ಕೆ ಹೊರಳಿಸಬೇಕು. ಸ್ಪೀಡ್ ಬ್ರೇಕರ್ ಬರುವ ಮುಂಚೆ "ಈಗ ಕುಲುಕುತ್ತೆ" ಅಂತ ಹೇಳುವುದು ನನ್ನ ಕೆಲಸವಾಗಿತ್ತು. ಮುಂಚೆ ಗೊತ್ತಾದರೆ ನೋವು ಕಡಿಮೆಯಂತೆ, ಅತ್ತೆಯೇ ಹೇಳಿದ್ದು.

ಅಲ್ಲಿ ತಲುಪಿದ ಮೇಲೆ

ರೋಗಿಯನ್ನು ಗಾಡಿಯ ಸ್ಟ್ರೆಚರಿನಿಂದ ಆಸ್ಪತ್ರೆಯ ಟ್ರಾಲಿಗೆ ಸರಿಸುವವರು ಯಾರು? ಗಾಡಿಯವರು ಆಸ್ಪತ್ರೆಯವರು ಅನ್ನುತ್ತಾರೆ, ಆಸ್ಪತ್ರೆಯವರು ಗಾಡಿಯವರು ಅನ್ನುತ್ತಾರೆ. ಹಿಂದಿನ ದಿನವೇ ಎರಡೂ ಕಡೆ ಕೇಳಿ ಇತ್ಯರ್ಥ ಮಾಡಿಕೊಳ್ಳಿ. ಎಂಆರ್‌ಐ ಆದರೆ ಗಾಡಿಯ ಸ್ಟ್ರೆಚರನ್ನು ಆ ಕೋಣೆಯ ಒಳಗೆ ಬಿಡುವುದಿಲ್ಲ, ಸಾದಾ ಆಕ್ಸಿಜನ್ ಸಿಲಿಂಡರನ್ನೂ ಬಿಡುವುದಿಲ್ಲ. ಅಯಸ್ಕಾಂತ ಕಬ್ಬಿಣವನ್ನು ಸೆಳೆದುಕೊಳ್ಳುತ್ತದೆ. ಅವರದೇ ಟ್ರಾಲಿಗೆ ಮತ್ತೊಮ್ಮೆ ಸರಿಸಬೇಕು ಅನ್ನುವುದನ್ನು ನೋವಿನ ಲೆಕ್ಕದಲ್ಲಿ ಸೇರಿಸಿಕೊಳ್ಳಿ.

ವಾಪಸ್ ಬರುವುದೇ ದೊಡ್ಡ ತಲೆನೋವು. ಮೂರನೇ ಸಲ ಡಾಕ್ಟರ್ ನೋಡಿದ್ದು ಹತ್ತು ನಿಮಿಷ. ಅಷ್ಟರಲ್ಲಿ ಗಾಡಿ ಬೇರೆ ಬಾಡಿಗೆಗೆ ಹೋಗಿತ್ತು. ಆಸ್ಪತ್ರೆಯ ಕಾರಿಡಾರಿನಲ್ಲಿ ತೆಳುವಾದ ಟ್ರಾಲಿ ಹಾಸಿಗೆಯ ಮೇಲೆ ಮೂರೂಕಾಲು ಗಂಟೆ. ಮನೆಗೆ ಬಂದು ಸಾಕ್ಸ್ ತೆಗೆದರೆ ಬಲ ಹಿಮ್ಮಡಿಯಲ್ಲಿ ನಾಣ್ಯದಷ್ಟು ಕೆಂಪು ಕಲೆ. ಒತ್ತಿದರೂ ಬೆಳ್ಳಗಾಗಲಿಲ್ಲ. ಅದು ಹುಣ್ಣಿನ ಶುರು. ಆಮೇಲಿಂದ ದಿಂಬು ಒಯ್ಯುತ್ತೇನೆ, ಮೀನಖಂಡದ ಕೆಳಗೆ ಇಟ್ಟು ಹಿಮ್ಮಡಿ ಗಾಳಿಯಲ್ಲಿ ನಿಲ್ಲುವ ಹಾಗೆ. ಕಾಯುವುದು ಉದ್ದವಾದರೆ ಎರಡು ಗಂಟೆಗೊಮ್ಮೆಯಾದರೂ ನರ್ಸನ್ನು ಕರೆದು ಮಗ್ಗುಲು ಬದಲಿಸಿಸಿ. ಗಾಡಿ ಕಾಯಲಿ ಅಂತ ದುಡ್ಡು ಕೊಡಲು ಮನಸ್ಸು ಬರುವುದಿಲ್ಲ, ನಿಜ. ಆ ಕಲೆ ಮಾಯಲು ಆರು ವಾರ ಹಿಡಿಯಿತು. ಡಯಾಲಿಸಿಸ್‌ನಂಥದ್ದಕ್ಕೆ ನಾಲ್ಕು ಗಂಟೆ ಕಾಯಿಸುವುದು ಆಗದ ಮಾತು. ಅಲ್ಲಿ ಮೆಷಿನ್ ನಿಲ್ಲಿಸುವುದಕ್ಕೆ ಅರ್ಧ ಗಂಟೆ ಮುಂಚೆ ನರ್ಸ್ ಹೇಳಲಿ, ಆಗ ನೀವು ಡ್ರೈವರ್‌ಗೇ ಫೋನ್ ಮಾಡಿ, ಆಫೀಸಿಗಲ್ಲ.

ಮನೆಗೆ ಬಂದು ಮಂಚಕ್ಕೆ ಸರಿಸಿದ ಮೇಲೆ ಗಾಡಿಯವರು ಹೊರಡುವ ಮುಂಚೆಯೇ ಕ್ಯಾಥೆಟರ್, ಕೊಳವೆ, ಆಕ್ಸಿಜನ್ ಎಲ್ಲ ಜಾಗದಲ್ಲಿವೆಯಾ ನೋಡಿ. ಆಮೇಲೆ ಬಾಲಮೂಳೆ, ಹಿಮ್ಮಡಿ, ಭುಜದ ಹಿಂಭಾಗ, ತಲೆಯ ಹಿಂಭಾಗದ ಚರ್ಮ. ಕೆಂಪು ಕಂಡರೆ ಅದರ ಮೇಲೆ ಮತ್ತೆ ಮಲಗಿಸಬೇಡಿ, ಉಜ್ಜಲೂ ಬೇಡಿ. ಮಾರನೆಯ ದಿನವೂ ಹೋಗದಿದ್ದರೆ ನರ್ಸ್‌ಗೆ ತೋರಿಸಿ.

ಆ ಕಾಗದದ ಪ್ಯಾಟರ್ನ್ ನಾಲ್ಕು ಮಡಿಕೆಯಾಗಿ ಅತ್ತೆಯ ಬಾಗಿಲಿನ ಹಿಂದೆ ಬಹಳ ದಿನ ಇತ್ತು. ಹೋದ ತಿಂಗಳು ಎದುರುಮನೆಯವರು ಯಜಮಾನರನ್ನು ಡಿಸ್ಚಾರ್ಜ್ ಮಾಡಿಸಿಕೊಂಡು ಬರಬೇಕು ಅಂತ ಅದನ್ನು ಕೇಳಿಕೊಂಡು ಬಂದರು. ಕೊಟ್ಟೆ. ಆದರೆ ಮೊದಲು ಅವರ ಗಾಡಿಯವರಿಗೆ ಫೋನ್ ಮಾಡಿಸಿ ಸ್ಟ್ರೆಚರಿನ ಅಳತೆ ಕೇಳಿಸಿದೆ. ಅವರದು 64 ಸೆಂ.ಮೀ. ಅಗಲವಂತೆ. ಎರಡು ಪಕ್ಕಕ್ಕೂ ಎರಡೆರಡು ಸೆಂ.ಮೀ. ಪಟ್ಟಿ ಅಂಟಿಸಿ ಕಳಿಸಿದೆ.